ಕಳುವಾದ ತಾಯಿ

ಕೂಡ್ಲಿಗಿಯ ಭೂಮಾಪನ ಕಚೇರಿಗೆ ಅರ್ಜಿ ಹಿಡಿದು ಹೋದವರಿಗೆಲ್ಲ ಸಮತಾ ಗೊತ್ತು. ಎರಡನೇ ಕಿಟಕಿಯ ಹಿಂದೆ ಕೂರುವ, ಮೂವತ್ತೈದರ ಆಸುಪಾಸಿನ, ತೆಳ್ಳಗಿನ ಹೆಂಗಸು. ತಲೆಯೆತ್ತದೆ ಕಾಗದ ತೆಗೆದುಕೊಳ್ಳುತ್ತಾಳೆ, ತಪ್ಪಿದ್ದರೆ ತೋರಿಸುತ್ತಾಳೆ, ಸರಿಯಿದ್ದರೆ ಸ್ವೀಕೃತಿ ಕೊಡುತ್ತಾಳೆ. ಬೇಕಾದ್ದಕ್ಕಿಂತ ಒಂದು ಮಾತೂ ಹೆಚ್ಚಿಲ್ಲ. ಇಂಥವಳು ಒಂದು ಶನಿವಾರದ ಸಂಜೆ ನಲವತ್ತು ಜನರೆದುರು ಒಬ್ಬನ ಮಾನ ಹರಾಜಿಗಿಟ್ಟಳು ಅಂದರೆ, ಆಕೆಯನ್ನು ಕಿಟಕಿಯಲ್ಲಷ್ಟೇ ಕಂಡವರು ನಂಬುವುದಿಲ್ಲ.

ಆಕೆಯ ಅಪ್ಪ ಗಂಗಪ್ಪ ಹಮಾಲಿ. ಮೂಟೆ ಹೊತ್ತು ಉಳಿದ ಹೊತ್ತಿನಲ್ಲಿ ದಲಿತ ಸಂಘದ ಸಭೆ, ಮೆರವಣಿಗೆ ಅಂತ ಓಡಾಡಿದವನು. ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಹುಟ್ಟಿದ ಮಗಳಿಗೆ ಸಮತಾ ಅಂತಲೂ, ಆಮೇಲೆ ಹುಟ್ಟಿದ ಮಗನಿಗೆ ಕ್ರಾಂತಿ ಅಂತಲೂ ಹೆಸರಿಟ್ಟ. ತಾಯಿ ಮಾಳಮ್ಮನ ಬಾಯಿಗೆ ಆ ಹೆಸರುಗಳು ಹೊರಳಲಿಲ್ಲ. ಆಕೆಗೆ ಮಗಳು ಇವತ್ತಿಗೂ ಸಮ್ಮಿ. ಮಾಳಮ್ಮ ಬೇಸಿಗೆಯಲ್ಲಿ ಹುಣಸೆಹಣ್ಣು ಬಡಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಕಲ್ಲಿನ ಮೇಲೆ ಹಣ್ಣಿಟ್ಟು, ಕಬ್ಬಿಣದ ಕೋಲಿನಿಂದ ಬಡಿದು ಬೀಜ ಬಿಡಿಸುವುದು. ಬೆಳಗಿನಿಂದ ಸಂಜೆಯ ತನಕ ಒಂದೇ ಸದ್ದು.

ಸಮತಾ ಹತ್ತನೇ ತರಗತಿಯ ಪರೀಕ್ಷೆ ಬರೆಯುತ್ತಿದ್ದ ವರ್ಷ, ಗಣಿತದ ಪತ್ರಿಕೆಯ ಹಿಂದಿನ ದಿನ, ಆ ಕೋಲು ಮಾಳಮ್ಮನ ಎಡಗೈಯ ತೋರುಬೆರಳಿನ ಮೇಲೆ ಬಿತ್ತು. ಗಂಗಪ್ಪ ದಾವಣಗೆರೆಯ ಕಡೆ ಕೆಲಸಕ್ಕೆ ಹೋಗಿದ್ದ. ಆಸ್ಪತ್ರೆಗೆ ಹೋದರೆ ಬಳ್ಳಾರಿಗೆ ಕಳಿಸುತ್ತಾರೆ, ಬಳ್ಳಾರಿಗೆ ಹೋದರೆ ಮಗಳೂ ಜೊತೆಗೆ ಬರಬೇಕಾಗುತ್ತದೆ, ಪರೀಕ್ಷೆ ತಪ್ಪುತ್ತದೆ ಅಂತ ಯೋಚಿಸಿದ ಆಕೆ ಬೆರಳಿಗೆ ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಒಂಬತ್ತು ದಿನ ಕಳೆದಳು. ಒಂದೇ ಕೈಯಲ್ಲಿ ರೊಟ್ಟಿ ಬಡಿದಳು. ಕೊನೆಯ ಪತ್ರಿಕೆ ಮುಗಿಸಿ ಮನೆಯೊಳಗೆ ಕಾಲಿಟ್ಟ ಮಗಳಿಗೆ ಮೊದಲು ಬಂದದ್ದು ವಾಸನೆ. ಬಳ್ಳಾರಿಯಲ್ಲಿ ಬೆರಳನ್ನು ಬುಡಕ್ಕೇ ತೆಗೆದರು. ಸಮತಾ ಆ ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದಳು.

ಈ ಸಂಗತಿಯನ್ನು ಆಕೆ ಹದಿನೈದು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಮಾತಿನ ಬಳಗದಲ್ಲಿ.

ಕೂಡ್ಲಿಗಿಯಲ್ಲಿ ಟೈಪಿಂಗ್ ಶಾಲೆ ನಡೆಸುವ ಶ್ರೀನಾಥ ಮೇಷ್ಟ್ರು ಕಟ್ಟಿದ ಬಳಗ ಅದು. ತಿಂಗಳಿಗೆ ಎರಡು ಶನಿವಾರ, ಸಂಜೆ ಆರಕ್ಕೆ, ಟೈಪಿಂಗ್ ಶಾಲೆಯ ಮಹಡಿಯಲ್ಲಿ ಸೇರುತ್ತಾರೆ. ಯಂತ್ರಗಳನ್ನು ಗೋಡೆಗೆ ಸರಿಸಿ, ಕುರ್ಚಿ ಹಾಕಿ, ಒಬ್ಬೊಬ್ಬರಾಗಿ ಎದ್ದು ಏಳು ನಿಮಿಷ ಮಾತಾಡುವುದು. ಒಬ್ಬರು ಸಮಯ ನೋಡಿ ಗಂಟೆ ಬಾರಿಸುತ್ತಾರೆ, ಒಬ್ಬರು ತಡವರಿಕೆ ಎಣಿಸುತ್ತಾರೆ, ಒಬ್ಬರು ಕೊನೆಗೆ ಭಾಷಣದ ಗುಣದೋಷ ಹೇಳುತ್ತಾರೆ. ಶಿಕ್ಷಕರು, ಬ್ಯಾಂಕಿನವರು, ವಿಮೆಯವರು ಬರುತ್ತಿದ್ದರು. ಸಮತಾ ಬಂದದ್ದು, ಕಚೇರಿಯ ಸಭೆಯೊಂದರಲ್ಲಿ ಅಧಿಕಾರಿ ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ಬಾಯಿ ಬಿಡಲಾಗದೆ ಬೆವತು ಕೂತ ಮರುವಾರ.

ಬಳಗದಲ್ಲಿ ಹೊಸಬರಿಗೆ ಒಬ್ಬೊಬ್ಬ ಮಾರ್ಗದರ್ಶಿಯನ್ನು ಕೊಡುತ್ತಾರೆ. ಸಮತಾಗೆ ಸಿಕ್ಕವನು ಪ್ರವೀಣಕುಮಾರ್. ಮೂಲ ಕೊಟ್ಟೂರು, ಕೂಡ್ಲಿಗಿಯಲ್ಲಿ ನೌಕರಿ ಪರೀಕ್ಷೆಗಳ ತರಬೇತಿ ಕೇಂದ್ರ ನಡೆಸುತ್ತಿದ್ದ. ನಲವತ್ತು ವರ್ಷ, ಇಸ್ತ್ರಿ ಕೆಡದ ಅಂಗಿ, ತುಂಬು ಗಂಟಲು. ಹುಡುಗರು ಅವನನ್ನು ಸುತ್ತಿಕೊಂಡೇ ಇರುತ್ತಿದ್ದರು. ಅವನೇ ಸಮತಾಗೆ ಹೇಳಿದ್ದು, "ಮೇಡಂ, ನಿಮ್ಮ ಜೀವನದಾಗ ಆಗಿದ್ದು ಯಾವುದರ ಹೇಳ್ರಿ. ಮಂದಿಗೆ ಅದು ನಾಟತೈತಿ."

ಆಕೆ ಅವ್ವನ ಬೆರಳಿನ ಕಥೆ ಬರೆದಳು. ಆರು ಸಲ ತಿದ್ದಿದಳು. ಹನ್ನೊಂದು ಜನ ಕೂತಿದ್ದ ಒಂದು ಸಂಜೆ, ಕುರ್ಚಿಯ ಬೆನ್ನು ಹಿಡಿದುಕೊಂಡು, "ಒಂಬತ್ತು ಬೆರಳು" ಎಂಬ ಹೆಸರಿನಲ್ಲಿ ಅದನ್ನು ಹೇಳಿ ಮುಗಿಸಿದಳು. ಚಪ್ಪಾಳೆ ತಟ್ಟುವುದಕ್ಕೂ ಯಾರಿಗೂ ಕೈ ಬರಲಿಲ್ಲ. ಪ್ರವೀಣಕುಮಾರ್ ಆಮೇಲೆ ಮೆಟ್ಟಿಲ ಬಳಿ ನಿಂತು, "ಬರೆದಿದ್ದು ಕೊಡ್ರಿ, ಇನ್ನೂ ಸ್ವಲ್ಪ ತಿದ್ದಿ ಕೊಡ್ತೀನಿ" ಅಂದ. ಕೊಟ್ಟಳು. ತಿಂಗಳಾದ ಮೇಲೆ ಕೇಳಿದರೆ, "ಸ್ಪರ್ಧೆಗೆ ಇದು ಆಗಂಗಿಲ್ಲ ಮೇಡಂ, ಅಳು ಜಾಸ್ತಿ ಆತು. ಸದ್ಯಕ್ಕ ಬಿಟ್ಟುಬಿಡ್ರಿ, ಬ್ಯಾರೆ ಬರೀರಿ" ಅಂದ. ಗುರುವಿನಂತೆ ಇದ್ದವನ ಮಾತು. ಆಕೆ ಬೇರೆ ಬರೆದಳು.

ಒಂದೂವರೆ ವರ್ಷ ಹೋಯಿತು. ತಮ್ಮ ಕ್ರಾಂತಿ ಹಡಗಲಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಒಂದು ಮಧ್ಯಾಹ್ನ ಅವನ ಫೋನು ಬಂತು.

"ಅಕ್ಕಾ, ನಮ್ಮ ಕಾಲೇಜಿಗೆ ಕೂಡ್ಲಿಗಿಯಾವ ಒಬ್ಬ ಭಾಷಣಕ್ಕ ಬಂದಾನ. ಅವ್ವನ ಬೆರಳಿನ ಕಥಿ ಹೇಳಾಕತ್ಯಾನ. ತನ್ನ ತಾಯಿದು ಅಂತ ಹೇಳಾಕತ್ಯಾನ!"

ಅವನು ಕಳಿಸಿದ ವಿಡಿಯೋವನ್ನು ಸಮತಾ ಕಚೇರಿಯ ಹಿಂದಿನ ಬೇವಿನ ಮರದಡಿ ನಿಂತು ನೋಡಿದಳು. ಪ್ರವೀಣಕುಮಾರ್ ಎಡಗೈ ಎತ್ತಿ, ತೋರುಬೆರಳನ್ನು ಮಡಚಿ, ಸಾವಿರ ಮಕ್ಕಳೆದುರು ನಿಂತಿದ್ದ. ಹುಣಸೆಹಣ್ಣು, ಕಬ್ಬಿಣದ ಕೋಲು, ಅರಿಶಿನ, ಒಂಬತ್ತು ದಿನ, ವಾಸನೆ, ಎಲ್ಲ ಆಕೆಯ ಪದಗಳೇ. ಒಂದನ್ನು ಮಾತ್ರ ಅವನು ಸ್ವಂತವಾಗಿ ಸೇರಿಸಿದ್ದ. ಅವನ ಕಥೆಯಲ್ಲಿ ನಂಜೇರಿ, ಫಲಿತಾಂಶದ ದಿನವೇ ತಾಯಿ ತೀರಿಕೊಳ್ಳುತ್ತಾಳೆ. "ಇವತ್ತು ನನ್ನ ತಾಯಿ ಇಲ್ಲ. ಆದರೆ ಈ ಬೆರಳು ಮಡಚಿದಾಗಲೆಲ್ಲ ಆಕೆ ನನ್ನ ಜೊತೆ ಇರುತ್ತಾಳೆ" ಅಂತ ಅವನು ಕಣ್ಣೊರೆಸಿಕೊಂಡಾಗ ಸಭೆಯಲ್ಲಿ ಹುಡುಗಿಯರು ಅಳುತ್ತಿದ್ದರು.

ಆ ದಿನ ಸಂಜೆಯೇ ಸಮತಾ ತರಬೇತಿ ಕೇಂದ್ರಕ್ಕೆ ಹೋದಳು. ಅವನ ಕೋಣೆಯ ಗಾಜಿನ ಕಪಾಟಿನಲ್ಲಿ, ಹುಬ್ಬಳ್ಳಿಯ ಸ್ಪರ್ಧೆಯಲ್ಲಿ "ಒಂಬತ್ತು ಬೆರಳು" ಭಾಷಣಕ್ಕೆ ಗೆದ್ದ ಹಿತ್ತಾಳೆಯ ಫಲಕವಿತ್ತು. ಅವನು ಬೆಚ್ಚಲಿಲ್ಲ. ಚಹಾ ತರಿಸಿದ.

"ನೋಡ್ರಿ ಮೇಡಂ, ಕಥಿಗೆ ಮಾಲಕರು ಅಂತ ಯಾರ್ ಇರ್ತಾರ? ಎಷ್ಟು ಹುಡುಗರಿಗೆ ಅದರಿಂದ ಹುರುಪು ಬಂದೈತಿ ಗೊತ್ತೇನು? ನೀವು ಹೇಳಿದ್ರ ಹನ್ನೊಂದು ಮಂದಿ ಕೇಳತಿದ್ರು. ನಾ ಹೇಳಿದ್ದಕ್ಕ ಹನ್ನೊಂದು ಸಾವಿರ ಮಂದಿ ಕೇಳ್ಯಾರ."

"ಅದು ನಮ್ಮವ್ವನ ಬೆರಳು ಸರ್."

ಪ್ರವೀಣಕುಮಾರ್ ಕುರ್ಚಿಗೆ ಒರಗಿ ನಕ್ಕ. "ನಿಮ್ಮ ಮಂದಿಯಾಗ ಇಂಥಾ ಕಥಿ ಮನಿಗೊಂದು ಇರ್ತಾವು. ಒಂದು ನಾ ತಗೊಂಡ್ರ ನಿಮಗೇನು ಕಡಿಮಿ ಆತು?"

ಸಮತಾ ಚಹಾ ಮುಟ್ಟದೆ ಎದ್ದು ಬಂದಳು. ಅಲ್ಲಿಂದ ನೇರ ಶ್ರೀನಾಥ ಮೇಷ್ಟ್ರ ಹತ್ತಿರ ಹೋಗಿ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ತಪ್ಪು ಮಾಡ್ಯಾನವ್ವ, ಇಲ್ಲ ಅನ್ನಂಗಿಲ್ಲ. ಆದ್ರ ಬಳಗಕ್ಕ ಅವನಿಂದ ಹೆಸರು ಬಂದೈತಿ. ದೊಡ್ಡದು ಮಾಡಬ್ಯಾಡ."

ಆಕೆ ದೊಡ್ಡದು ಮಾಡಲಿಲ್ಲ. ಆದರೆ ಕಥೆಯನ್ನು ಬಿಟ್ಟುಕೊಡುವ ಮನಸ್ಸೂ ಇರಲಿಲ್ಲ. ಮಾರ್ಚ್ ತಿಂಗಳಲ್ಲಿ ಹರಪನಹಳ್ಳಿಯ ಮಹಿಳಾ ದಿನದ ಕಾರ್ಯಕ್ರಮಕ್ಕೆ ಕರೆ ಬಂದಾಗ ಹೋಗಿ, ವೇದಿಕೆಯ ಮೇಲೆ ನಿಂತು, "ನನ್ನ ತಾಯಿ ಮಾಳಮ್ಮ" ಅಂತ ಶುರು ಮಾಡಿದಳು. ಕೋಲು ಬೆರಳಿನ ಮೇಲೆ ಬೀಳುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಮೈಕು ತೆಗೆದುಕೊಂಡು, ಬಹಳ ಮರ್ಯಾದೆಯಿಂದಲೇ ಕೇಳಿದಳು. "ಮೇಡಂ, ಇದು ಪ್ರವೀಣಕುಮಾರ್ ಸರ್ ಅವರ ತಾಯಿ ಕತೆ ಅಲ್ವಾ? ನಮ್ಮ ಕಾಲೇಜಲ್ಲಿ ಹೇಳಿದ್ರು. ನೀವು ಯಾಕೆ ನಿಮ್ದು ಅಂತ ಹೇಳ್ತಿದೀರಿ?"

ಸಭೆ ನಕ್ಕಿತು. ಸಂಘಟಕರು ಶಾಲು ಹೊದಿಸುವುದನ್ನು ಬೇಗ ಬೇಗ ಮುಗಿಸಿದರು. ಬಸ್ಸಿನಲ್ಲಿ ಕೂಡ್ಲಿಗಿಗೆ ಬರುವಷ್ಟು ಹೊತ್ತೂ ಸಮತಾ ಆ ಶಾಲನ್ನು ಮಡಿಲಲ್ಲಿ ಹಿಂಡುತ್ತಾ ಕೂತಿದ್ದಳು. ಕದ್ದವನು ಅವನು, ಕಳ್ಳಿ ತಾನು. ಅಳು ಬರಲಿಲ್ಲ. ಎದೆಯ ನಡುವೆ ಏನೋ ಗಟ್ಟಿಯಾಗಿ ಕೂತುಬಿಟ್ಟಿತು. ಅದನ್ನು ಇಳಿಸಿಕೊಳ್ಳಬೇಕು ಅಂತ ಆಕೆಗೆ ಅನ್ನಿಸಲೂ ಇಲ್ಲ.

ಮನೆಯಲ್ಲಿ ಮಾಳಮ್ಮ ಎಲ್ಲವನ್ನೂ ಕೇಳಿದಳು. "ಬೆರಳಿನ ಕಥಿ ಹೇಳಿಕೊಂಡ್ರ ಹೇಳಿಕೊಳ್ಳಲಿ. ನನ್ನ ಯಾಕ ಸಾಯ್ಸಿದ?" ಅಂದಳು.

ಅಂದಿನಿಂದ ಸಮತಾ ಪ್ರವೀಣಕುಮಾರನನ್ನು ಓದತೊಡಗಿದಳು. ಕಿಟಕಿಯಲ್ಲಿ ಅರ್ಜಿ ಓದುವಂತೆ, ಎಲ್ಲಿ ಏನು ಬಿಟ್ಟುಹೋಗಿದೆ ಅಂತ. ಅವನ ಭಾಷಣಗಳ ಪೋಸ್ಟರುಗಳನ್ನೆಲ್ಲ ಫೋನಿನಲ್ಲಿ ಸೇರಿಸಿಟ್ಟಳು. ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಹಂಪಸಾಗರ, ಹೊಸಪೇಟೆ. ಮೂರು ವಾರ ನೋಡಿದ ಮೇಲೆ ಒಂದು ದಿನ ಹೊಳೆಯಿತು. ಸುತ್ತಲ ಊರುಗಳೆಲ್ಲ ಇದ್ದವು, ಅವನ ಸ್ವಂತ ಊರು ಕೊಟ್ಟೂರು ಇರಲಿಲ್ಲ. ಕೊಟ್ಟೂರಿನವರನ್ನು ವಿಚಾರಿಸಿದಾಗ ಕಾರಣ ತಿಳಿಯಿತು. ಅವನ ತಾಯಿ ತಿಪ್ಪೇರುದ್ರಮ್ಮ ಗಟ್ಟಿಮುಟ್ಟಾಗಿ ಬದುಕಿದ್ದಳು. ಹಿರಿಯ ಮಗನ ಮನೆಯಲ್ಲಿದ್ದಳು. ಅಣ್ಣ ತಮ್ಮಂದಿರಿಗೆ ಹೊಲದ ವಿಷಯಕ್ಕೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು, ಹಾಗಾಗಿ ತಮ್ಮನ ವಿಡಿಯೋ ನೋಡುವವರಾಗಲಿ ತೋರಿಸುವವರಾಗಲಿ ಆ ಮನೆಯಲ್ಲಿ ಇರಲಿಲ್ಲ.

ಸಮತಾ ಅವಸರ ಮಾಡಲಿಲ್ಲ. ಬಳಗದಲ್ಲಿ ಪ್ರವೀಣಕುಮಾರನಿಗೆ ನಮಸ್ಕಾರ ಹೇಳುವುದನ್ನು ಮುಂದುವರಿಸಿದಳು. ಕಾರ್ಯದರ್ಶಿಯ ಕೆಲಸಕ್ಕೆ ಯಾರೂ ಮುಂದೆ ಬರದಿದ್ದಾಗ ತಾನೇ ಒಪ್ಪಿಕೊಂಡಳು. ನವೆಂಬರಿನಲ್ಲಿ ಬಳಗದ ನೂರನೇ ಸಭೆ ಬರುವುದಿತ್ತು. ಆ ಸಂಜೆ ಎಲ್ಲರೂ ಮನೆಯವರನ್ನು ಕರೆತರಲಿ, ಹೊರಗಿನವರನ್ನೂ ಕರೆಯೋಣ, ಮುಖ್ಯ ಭಾಷಣ ಪ್ರವೀಣ ಸರ್ ಅವರದ್ದಾಗಲಿ ಅಂತ ಆಕೆಯೇ ಸೂಚಿಸಿದಳು. ಶ್ರೀನಾಥ ಮೇಷ್ಟ್ರು ಸಂತೋಷಪಟ್ಟರು. "ಮನಸಿನಾಗ ಇಟ್ಕೊಳ್ಳಲಿಲ್ಲ ನೋಡವ್ವ ನೀನು, ದೊಡ್ಡಾಕಿ" ಅಂದರು.

"ಯಾವ ಭಾಷಣ ಮಾಡ್ಲಿ?" ಅಂತ ಪ್ರವೀಣಕುಮಾರ್ ಕೇಳಿದ, ಕಣ್ಣು ಸಣ್ಣ ಮಾಡಿ.

"ಒಂಬತ್ತು ಬೆರಳೇ ಮಾಡ್ರಿ ಸರ್. ಮಂದಿ ಅದನ್ನ ಕೇಳಾಕಂತನ ಬರ್ತಾರ. ನಂದೇನು ಈಗ ಬ್ಯಾಸರ ಇಲ್ಲ."

ಅವನು ಒಂದು ಗಳಿಗೆ ಆಕೆಯ ಮುಖ ನೋಡಿದ. ಸೋತವರ ಮುಖ ಹೇಗಿರುತ್ತದೆ ಅಂತ ಸಮತಾಗೆ ಚೆನ್ನಾಗಿ ಗೊತ್ತಿತ್ತು. ಹಾಗೆಯೇ ಇಟ್ಟುಕೊಂಡಳು. ಅವನು ಒಪ್ಪಿದ.

ಮುಂದಿನ ಭಾನುವಾರ ಆಕೆ ಕೊಟ್ಟೂರಿಗೆ ಹೋದಳು. ತಿಪ್ಪೇರುದ್ರಮ್ಮ ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದಳು. ಎಪ್ಪತ್ತರ ಹತ್ತಿರ, ದೊಡ್ಡ ಮೈ, ಹಣೆಯಲ್ಲಿ ವಿಭೂತಿ. ಮಗನ ಹೆಸರು ಕೇಳಿದ್ದೇ ಮೊರ ಬದಿಗಿಟ್ಟಳು.

"ನಮ್ಮ ಪ್ರವೀಣನ ಜೋಡಿ ಅದೀಯೇನವ್ವ? ಬಾ, ಮ್ಯಾಲೆ ಬಾ. ಆರಾಮ ಅದಾನ? ಹಬ್ಬಕ್ಕೂ ಬರಲಿಲ್ಲ."

"ಆರಾಮ ಅದಾರ್ರಿ. ಮುಂದಿನ ಶನಿವಾರ ಅವರ ಭಾಷಣ ಐತಿ. ನಿಮ್ಮನ್ನ ಕರಿಯಾಕ ಬಂದೀನಿ."

ಮುದುಕಿ ನಂಬಲಾರದೆ ನೋಡಿದಳು. "ಊರೆಲ್ಲಾ ಅವನ ಮಾತು ಕೇಳೈತಂತ. ಹೆತ್ತಾಕಿ ನಾ ಒಮ್ಮೆರ ಕೇಳಿಲ್ಲವ್ವ. ಕರಕೊಂಡು ಹೋಗಪ ಅಂದ್ರ, ನಿನಗ ತಿಳಿಯಂಗಿಲ್ಲ ಬಿಡು ಅಂತಾನ." ಒಳಗೆ ಹೋಗಿ ಮಂಡಕ್ಕಿ ಒಗ್ಗರಣೆ ಕಲಸಿ ತಂದಳು. ತಟ್ಟೆ ಕೊಡುತ್ತಾ, "ಯಾರ ಪೈಕಿ ನೀವು?" ಅಂತ ಕೇಳಿದಳು.

"ಬೌದ್ಧರ್ರಿ."

"ಹಂಗಂದ್ರ?"

ಸಮತಾ ಹೇಳಿದಳು. ತಿಪ್ಪೇರುದ್ರಮ್ಮನ ಕೈ ತಟ್ಟೆಯ ಮೇಲೆ ಒಂದು ಚಣ ನಿಂತಿತು. ಆಮೇಲೆ ತಟ್ಟೆಯನ್ನು ಮುಂದಕ್ಕೆ ತಳ್ಳಿ, "ತಿನ್ನು, ಮೆತ್ತಗಾಗತೈತಿ" ಅಂದಳು. ತಿನ್ನುವಾಗ ಸಮತಾ ಆ ಕೈಗಳನ್ನು ನೋಡಿದಳು. ಹತ್ತೂ ಬೆರಳು ನೆಟ್ಟಗಿದ್ದವು.

"ಸರ್‌ಗೆ ಮೊದಲ ಹೇಳಬ್ಯಾಡ್ರಿ ಅವ್ವಾರ. ನೋಡಿ ಖುಷಿ ಪಡ್ಲಿ."

"ಇಲ್ಲ ಇಲ್ಲ, ಬಾಯಿ ಬಿಡಂಗಿಲ್ಲ." ಮುದುಕಿ ಎದ್ದು ಒಳಗೆ ಹೋಗಿ ಎರಡು ಸೀರೆ ಹಿಡಿದುಕೊಂಡು ಬಂದಳು, ಒಂದು ಹಸಿರು, ಒಂದು ನೀಲಿ. "ಮಂದ್ಯಾಗ ಕುಂದ್ರಬೇಕು. ಯಾವುದು ಉಡ್ಲಿ ಹೇಳು."

"ಹಸಿರುದು" ಅಂದಳು ಸಮತಾ. ಹೊರಗೆ ಬಂದು ಬಸ್ ನಿಲ್ದಾಣಕ್ಕೆ ನಡೆದಳು. ತಿರುಗಿ ಹೋಗಿ, ಬರಬೇಡಿ ಅಂತ ಹೇಳಿಬಿಡಲೇ ಅಂತ ಎರಡು ಸಲ ನಿಂತಳು. ಎರಡನೇ ಸಲ ನಿಂತಾಗ ಕೂಡ್ಲಿಗಿಯ ಬಸ್ಸು ಬಂತು. ಮನೆಗೊಂದು ಇರ್ತಾವು ಅಂದವನ ನಗು ನೆನಪಾಯಿತು. ಹತ್ತಿದಳು.

ನೂರನೇ ಸಭೆಯ ಸಂಜೆ ಟೈಪಿಂಗ್ ಶಾಲೆಯ ಮಹಡಿ ತುಂಬಿತ್ತು. ತರಬೇತಿ ಕೇಂದ್ರದ ಹುಡುಗ ಹುಡುಗಿಯರು, ಹಗರಿಬೊಮ್ಮನಹಳ್ಳಿಯಿಂದ ಬಂದ ಇಬ್ಬರು ಪ್ರಾಂಶುಪಾಲರು, ಸದಸ್ಯರ ಮನೆಯವರು. ಕ್ರಾಂತಿ ಹಡಗಲಿಯಿಂದ ಬಂದು ಬಾಗಿಲ ಬಳಿ ನಿಂತಿದ್ದ. ಮುಂದಿನ ಸಾಲಿನಲ್ಲಿ ಸಮತಾ ತಾನೇ ಎರಡು ಕುರ್ಚಿ ಕಾದಿರಿಸಿದ್ದಳು. ಒಂದರಲ್ಲಿ ಅವ್ವನನ್ನು ಕೂರಿಸಿದಳು. ಇನ್ನೊಂದರಲ್ಲಿ, ಹಸಿರು ಸೀರೆಯುಟ್ಟು ಕೊಟ್ಟೂರಿನ ಬಸ್ಸಿಳಿದು ಬಂದ ತಿಪ್ಪೇರುದ್ರಮ್ಮನನ್ನು. ಯಾರು ಯಾರೆಂದು ಇಬ್ಬರಿಗೂ ಹೇಳಲಿಲ್ಲ. ಏನಾಗಲಿದೆ ಅಂತ ಮಾಳಮ್ಮನಿಗೂ ಗೊತ್ತಿರಲಿಲ್ಲ.

ಇಬ್ಬರು ಹಿರಿಯ ಹೆಂಗಸರು ಪಕ್ಕಪಕ್ಕ ಕೂತರೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ? ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಸಮತಾಗೆ ಅವರ ಮಾತು ಕೇಳುತ್ತಿತ್ತು.

"ಬೆರಳಿಗೆ ಏನಾತವ್ವ?" ತಿಪ್ಪೇರುದ್ರಮ್ಮ ಕೇಳಿದಳು.

"ಹುಣಸಿಹಣ್ಣು ಬಡಿಯಾಗ ಕೋಲು ಬಿತ್ರಿ. ಮಗಳ ಪರೀಕ್ಷಿ ಇತ್ತು. ಮುಗೀಲಿ ಅಂತ ಮುಚ್ಚಿಟ್ಟೆ. ಕೊಳೀತು, ತಗದ್ರು."

"ಅಯ್ಯ ಶಿವನ! ಎಷ್ಟು ದಿನ ಮುಚ್ಚಿಟ್ಟಿದ್ದಿ?"

"ಒಂಬತ್ತು ದಿನ."

ತಿಪ್ಪೇರುದ್ರಮ್ಮ ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಸವರಿದಳು. ಬಿಡಲಿಲ್ಲ.

ಪ್ರವೀಣಕುಮಾರ್ ಎಂದಿನಂತೆ ತನ್ನ ಸರದಿಗೆ ಐದು ನಿಮಿಷ ಇರುವಾಗ ಬಂದ, ಹಿಂದಿನಿಂದಲೇ ಕೈ ಕುಲುಕುತ್ತಾ. ಸಮತಾ ಮೈಕಿನಲ್ಲಿ ಹೇಳಿದಳು. "ಈಗ ಈ ಸಂಜೆಯ ಮುಖ್ಯ ಭಾಷಣ. ವಿಷಯ, ಒಂಬತ್ತು ಬೆರಳು." ಹುಡುಗರು ಚಪ್ಪಾಳೆ ತಟ್ಟಿದರು. ಅವನು ಮೇಜಿನ ಹಿಂದೆ ಬಂದು ನಿಂತು, ಎಡಗೈ ಎತ್ತಿ, ಬೆರಳು ಮಡಚಿ, ತಲೆಯೆತ್ತಿದ. ಎದುರಿಗೆ ಅವನ ಅವ್ವ ಕೂತಿದ್ದಳು, ಬಾಯಿ ತುಂಬ ನಗುತ್ತಾ.

ಎತ್ತಿದ ಕೈ ಕೆಳಗಿಳಿಯಿತು. ಅವನು ನೀರು ಕುಡಿದ. ಕುಡಿಯುವಾಗ ಸಮತಾಳತ್ತ ನೋಡಿದ. ಅವನಿಗೆ ತಿಳಿಯಿತು ಅಂತ ಆಕೆಗೂ ತಿಳಿಯಿತು. ಆ ವಿಡಿಯೋ ನೋಡಿದ ದಿನದಿಂದ ಆಕೆ ಅಷ್ಟು ನೆಮ್ಮದಿಯಾಗಿ ಉಸಿರಾಡಿರಲಿಲ್ಲ.

"ಸ್ನೇಹಿತರೇ," ಅಂದ ಅವನು, "ಆ ಭಾಷಣ ನೀವು ಬಹಳ ಸಲ ಕೇಳಿದ್ದೀರಿ. ಇವತ್ತು ಸಮಯ ಪಾಲನೆಯ ಬಗ್ಗೆ..."

"ಬ್ಯಾಡ್ರಿ ಸರ್, ಒಂಬತ್ತು ಬೆರಳು!" ಹುಡುಗರು ಕೂಗಿದರು.

"ಹೇಳಪ, ಕೇಳಾಕತ್ಯಾರಲ್ಲ," ಅಂದಳು ಮುಂದಿನ ಸಾಲಿನಿಂದ ತಿಪ್ಪೇರುದ್ರಮ್ಮ. "ನಾನೂ ಕೇಳ್ತೀನಿ."

ಅವನಿಗೆ ದಾರಿಯಿರಲಿಲ್ಲ. "ಒಂದು ಊರಿನಲ್ಲಿ ಒಬ್ಬ ತಾಯಿ ಇದ್ದಳು" ಅಂತ ಶುರು ಮಾಡಿದ. ಯಾವ ಊರು, ಯಾರ ತಾಯಿ ಅನ್ನುವುದನ್ನೆಲ್ಲ ಬಿಟ್ಟು, ಎಡವುತ್ತಾ, ತಡವರಿಸುತ್ತಾ ಹೇಳಿದ. ತಡವರಿಕೆ ಎಣಿಸುವವರು ಚೀಟಿಯ ಮೇಲೆ ಗೀಟು ಹಾಕುತ್ತಲೇ ಇದ್ದರು. ಕೋಲು ಬೆರಳಿನ ಮೇಲೆ ಬಿದ್ದಾಗ ತಿಪ್ಪೇರುದ್ರಮ್ಮನ ನಗು ನಿಂತಿತು. ಅರಿಶಿನ ಬಂದಾಗ ಆಕೆ ಪಕ್ಕದವಳ ಕೈ ನೋಡಿದಳು. ಒಂಬತ್ತು ದಿನ ಅಂದಾಗ ಎದ್ದು ನಿಂತಳು.

"ಲೇ ಪ್ರವೀಣ, ಇದು ಈ ಅವ್ವನ ಕಥಿ ಅಲ್ಲೇನು? ಈಗ ಹೇಳಿದ್ಲು ನನಗ." ಮಾಳಮ್ಮನ ಕೈಯನ್ನು ಹಾಗೆಯೇ ಮೇಲೆತ್ತಿ ಹಿಡಿದಿದ್ದಳು.

ನಡುವಿನ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದಳು. ಅವನ ಭಾಷಣ ಬಾಯಿಪಾಠವಿದ್ದವಳು. "ಸರ್, ಅದು ನಿಮ್ಮ ತಾಯಿ ಅಂದಿದ್ರಿ. ನಿಮ್ಮ ರಿಸಲ್ಟ್ ದಿನ ತೀರಿಕೊಂಡ್ರು ಅಂತ..."

"ಯಾರು?" ತಿಪ್ಪೇರುದ್ರಮ್ಮ ಆ ಹುಡುಗಿಯ ಕಡೆ ತಿರುಗಿದಳು. "ಯಾರು ತೀರಿಕೊಂಡ್ರು? ಇವನ ತಾಯಿ ನಾನಲ್ಲೇನವ್ವ?"

ಆಕೆ ಮಗನ ಕಡೆ ನೋಡಿದಳು. ಪ್ರವೀಣಕುಮಾರ್ ಮೇಜಿನ ಅಂಚು ಹಿಡಿದು ನಿಂತಿದ್ದ. "ಅವ್ವ, ಅದು ಮಂದಿಗೆ ಹುರುಪು ಬರಲಿ ಅಂತ..." ಅಂದ. ಹೋಗಿ ಪಕ್ಕದ ಕುರ್ಚಿಯಲ್ಲಿ ಕುಸಿದ.

ಮುಂದಿನದು ಗುಣದೋಷ ಹೇಳುವ ಸರದಿ. ಅದನ್ನೂ ಸಮತಾ ತನಗೇ ಇಟ್ಟುಕೊಂಡಿದ್ದಳು. ಶ್ರೀನಾಥ ಮೇಷ್ಟ್ರು, "ಸಾಕವ್ವ, ಇವತ್ತಿಗೆ ಸಾಕು" ಅಂದರು. ಆಕೆ ಕೇಳಿಸದವಳಂತೆ ಮೇಜಿನ ಹಿಂದೆ ಹೋಗಿ ನಿಂತಳು. ಈ ಸಲ ಏನನ್ನೂ ಹಿಡಿದುಕೊಳ್ಳಲಿಲ್ಲ.

"ಮೊದಲು ಗುಣ ಹೇಳಬೇಕು ಅನ್ನುವುದು ನಮ್ಮ ಬಳಗದ ಪದ್ಧತಿ. ಭಾಷಣಕಾರರ ದನಿ ಚೆನ್ನಾಗಿದೆ. ನೆನಪೂ ಚೆನ್ನಾಗಿದೆ. ನಾನು ಬರೆದುಕೊಟ್ಟದ್ದರಲ್ಲಿ ಒಂದು ಪದವನ್ನೂ ಅವರು ಮರೆತಿರಲಿಲ್ಲ. ಇನ್ನು ದೋಷ. ಅವರು ಕೊಂದ ತಾಯಿಯರು ಇಬ್ಬರೂ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಒಬ್ಬಳು ನನ್ನನ್ನು ಹೆತ್ತ ಮಾಳಮ್ಮ. ಆ ಬೆರಳು ಆಕೆಯದ್ದು. ಇನ್ನೊಬ್ಬರು ಅವರನ್ನು ಹೆತ್ತ ತಿಪ್ಪೇರುದ್ರಮ್ಮನವರು. ನಾನು ಹೋಗಿ ಇದನ್ನು ಕೇಳಿದ ದಿನ ಸರ್ ಒಂದು ಮಾತು ಹೇಳಿದರು. ಅದನ್ನು ಅವರ ಮಾತಿನಲ್ಲೇ ಹೇಳುತ್ತೇನೆ, ಕದಿಯುವುದಿಲ್ಲ. 'ನಿಮ್ಮ ಮಂದಿಯಾಗ ಇಂಥಾ ಕಥಿ ಮನಿಗೊಂದು ಇರ್ತಾವು. ಒಂದು ನಾ ತಗೊಂಡ್ರ ನಿಮಗೇನು ಕಡಿಮಿ ಆತು?' ಕಡಿಮೆಯಾದದ್ದು ಏನು ಅಂತ ಅವರು ಈಗ ತಮ್ಮ ತಾಯಿಯನ್ನೇ ಕೇಳಬಹುದು."

ಗಂಟೆ ಬಾರಿಸಲು ಕೈಯೆತ್ತಿದ್ದ ಮೇಷ್ಟ್ರು ಹಾಗೇ ಇಳಿಸಿದರು. ಪ್ರಾಂಶುಪಾಲರಿಬ್ಬರು ಎದ್ದು ಹೊರಟರು. ಹುಡುಗರು ಒಬ್ಬೊಬ್ಬರಾಗಿ, ಅವನ ಮುಖ ನೋಡದೆ, ಮೆಟ್ಟಿಲಿಳಿದರು. ಸಮತಾ ಎಲ್ಲರೂ ಹೋಗುವ ತನಕ ನಿಂತಲ್ಲೇ ನಿಂತು ನೋಡಿದಳು. ಒಬ್ಬರೂ ಅವನ ಕೈ ಕುಲುಕಲಿಲ್ಲ. ಅದನ್ನು ಆಕೆ ಕಣ್ತುಂಬಿಕೊಂಡಳು.

ತಿಪ್ಪೇರುದ್ರಮ್ಮ ಮಗನ ಕಾರು ಹತ್ತಲಿಲ್ಲ. ಕೊಟ್ಟೂರಿನ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಕ್ರಾಂತಿ ಆಕೆಯನ್ನು ನಿಲ್ದಾಣಕ್ಕೆ ಕರೆದೊಯ್ಯಲು ಮುಂದೆ ಬಂದ. ಮೆಟ್ಟಿಲ ಬಳಿ ಮುದುಕಿ ಸಮತಾಳ ಎದುರು ನಿಂತಳು.

"ನಮ್ಮ ಮನಿಗೆ ಬಂದ ದಿನ ನಿನಗ ಇದೆಲ್ಲಾ ಗೊತ್ತಿತ್ತು."

"ಗೊತ್ತಿತ್ರಿ."

"ಆ ಕಟ್ಟಿ ಮ್ಯಾಲೆ ಹೇಳಿದ್ರ ಅವನ ಕಿವಿ ಹಿಡದು ನಿನ್ನ ಕಾಲಿಗೆ ಬೀಳಸ್ತಿದ್ನಲ್ಲವ್ವ. ಸೀರಿ ಯಾವುದು ಉಡಬೇಕು ಅಂತ ಹೇಳಿದಿ, ಅದೊಂದು ಹೇಳಲಿಲ್ಲ."

ತಿಪ್ಪೇರುದ್ರಮ್ಮ ಕ್ರಾಂತಿಯ ಹಿಂದೆ ಮೆಟ್ಟಿಲಿಳಿದಳು. ಮನೆಗೆ ಹೋಗುವ ದಾರಿಯಲ್ಲಿ ಮಾಳಮ್ಮನೂ ಅದನ್ನೇ ಅಂದಳು. "ಅವನಿಗೆ ಮಾಡಿದ್ದು ಸರಿ ಐತಿ. ಆ ಮುದುಕಿ ಏನು ಮಾಡಿದ್ಲು?" ಆಮೇಲೆ ಸ್ವಲ್ಪ ದೂರ ನಡೆದು, "ಕೈ ಬಿಡಲಿಲ್ಲ ನೋಡು ಆಕಿ, ಕೊನೀತನ" ಅಂದಳು.

ಪ್ರವೀಣಕುಮಾರ್ ಮತ್ತೆ ಬಳಗಕ್ಕೆ ಬರಲಿಲ್ಲ. ಕಾಲೇಜುಗಳಿಂದ ಕರೆ ಬರುವುದು ನಿಂತಿತು. ಹಿತ್ತಾಳೆಯ ಫಲಕವನ್ನು ಹುಬ್ಬಳ್ಳಿಯವರು ವಾಪಸು ಕೇಳಿದರು ಅಂತ ಸುದ್ದಿಯಾಯಿತು. ತರಬೇತಿ ಕೇಂದ್ರ ಮಾತ್ರ ನಡೆಯುತ್ತಿದೆ; ನೌಕರಿ ಬೇಕಾದವರು ಬರುತ್ತಲೇ ಇರುತ್ತಾರೆ.

ಆರು ತಿಂಗಳ ಮೇಲೆ ಅವನು ಭೂಮಾಪನ ಕಚೇರಿಯ ಎರಡನೇ ಕಿಟಕಿಯಲ್ಲಿ ನಿಂತಿದ್ದ. ಕೂಡ್ಲಿಗಿಯ ಹತ್ತಿರದ ಹೊಲವನ್ನು ಅಣ್ಣನೊಂದಿಗೆ ಭಾಗ ಮಾಡಿಕೊಳ್ಳಲು ನಕ್ಷೆ ಬೇಕಿತ್ತು. ಹಿಂದೆ ಹತ್ತು ಹನ್ನೆರಡು ಜನರ ಸಾಲು. ಸಮತಾ ವಂಶವೃಕ್ಷದ ಕಾಗದ ನೋಡಿದಳು.

"ತಾಯಿ ಹೆಸರಿನ ಮುಂದ ಏನೂ ಬರದಿಲ್ಲ. ಅದಾರೋ, ತೀರಿಕೊಂಡಾರೋ?"

"ಅದಾರ."

"ಕೇಳಸಲಿಲ್ಲ. ಜೋರಾಗಿ ಹೇಳ್ರಿ."

"ಅದಾರ್ರಿ," ಅಂದ ಅವನು. ಸಾಲಿನಲ್ಲಿದ್ದವರು ತಲೆಯೆತ್ತಿ ನೋಡಿದರು. ಸಮತಾ ಆ ಜಾಗದಲ್ಲಿ ಅವನ ಕೈಯಿಂದಲೇ ಬರೆಸಿ, ನಿಯಮದ ಪ್ರಕಾರ ಸ್ವೀಕೃತಿ ಕೊಟ್ಟಳು. ಕೆಲಸವನ್ನು ಒಂದು ದಿನವೂ ತಡಮಾಡಲಿಲ್ಲ, ಒಂದು ದಿನವೂ ಬೇಗ ಮಾಡಲಿಲ್ಲ.

ಈಗಲೂ ಆಕೆ ಬಳಗದ ಕಾರ್ಯದರ್ಶಿ. ಹೊಸಬರು ಬರೆದು ತಂದದ್ದನ್ನು ಓದಿ, ಅವರೆದುರಿಗೇ ಅವರ ಕೈಗೆ ಹಿಂತಿರುಗಿಸುತ್ತಾಳೆ. ಆ ಸಂಜೆಯ ಬಗ್ಗೆ ಯಾರಾದರೂ ಕೇಳಿದರೆ, ಮತ್ತೆ ಅಂಥ ಅವಕಾಶ ಬಂದರೆ ಮತ್ತೆ ಮಾಡುತ್ತೇನೆ ಅನ್ನುತ್ತಾಳೆ, ದನಿ ತಗ್ಗಿಸದೆ. ಕೊಟ್ಟೂರಿಗೆ ಎರಡು ಸಲ ಫೋನು ಮಾಡಿದ್ದಳು. ಮೊದಲನೇ ಸಲ ಸೊಸೆ ಎತ್ತಿ, ಅತ್ತೆ ಮಲಗ್ಯಾರ ಅಂದಳು. ಎರಡನೇ ಸಲವೂ ಅದನ್ನೇ ಅಂದಳು, ಬೆಳಗಿನ ಹನ್ನೊಂದು ಗಂಟೆಗೆ.